ಸಾರು ಆರುವ ಮುನ್ನ

"ಅಮ್ಮಾ, ಉಪ್ಪು ಈಚೆ ಸರಿಸೋಕೆ ಹೇಳು ಆ ಡಕಾಯಿತನಿಗೆ," ಎಂದ ವಿತೊ.

"ಹೊಸ ರಾಜನ ಉಪ್ಪು ತಿಂದವನಿಗೆ ನಮ್ಮನೆ ಉಪ್ಪು ಯಾಕಂತೆ?" ಎಂದ ಪಕ್ಕದಲ್ಲೇ ಕೂತಿದ್ದ ಅಣ್ಣ ದೊನಾತೊ.

ಎಂದಿನಂತೆ ತಾಯಿ ಕೊಂಚೆತ್ತಾ ತಾನೇ ಎದ್ದು ಉಪ್ಪು ಸರಿಸಿದಳು. ಇಟಲಿ ಒಂದಾದಂದಿನಿಂದ ದಕ್ಷಿಣದ ಆ ಬೆಟ್ಟದೂರಿನಲ್ಲಿ ಸತ್ತವರು ಭಾನುವಾರದ ಊಟಕ್ಕೆ ಮನೆಗೆ ಬರುತ್ತಿದ್ದರು. ವಿತೊ ಹೊಸ ರಾಜನ ಸೈನ್ಯದಲ್ಲಿದ್ದು ಸತ್ತವನು. ದೊನಾತೊ ಗದ್ದುಗೆ ಕಳೆದುಕೊಂಡ ಹಳೆಯ ರಾಜನಿಗಾಗಿ ಕಾಡು ಸೇರಿ, ಅದೇ ಸೈನ್ಯದ ಗುಂಡಿಗೆ ಬಿದ್ದವನು. ಚರ್ಚಿನ ಸಂಜೆಯ ಗಂಟೆ ಹೊಡೆದೊಡನೆ ಇಬ್ಬರೂ ಹೊರಟುಬಿಡಬೇಕು.

ಆ ಭಾನುವಾರ ಹೊಸ ಸರ್ಕಾರದ ಅಧಿಕಾರಿಯೊಬ್ಬ ಉತ್ತರದಿಂದ ಬಂದು ಬಾಗಿಲಲ್ಲಿ ಟೋಪಿ ತೆಗೆದು ನಿಂತ.

"ತಾಯಿ, ನಿಮ್ಮ ಸಿಪಾಯಿ ಮಗನನ್ನ ಸರ್ಕಾರ ಪೂರ್ತಿ ಬದುಕಿಸಿಕೊಡುತ್ತೆ. ಮದುವೆ ಮಾಡಿ, ಮೊಮ್ಮಕ್ಕಳನ್ನ ನೋಡಿ. ಆದರೆ ಆ ಇನ್ನೊಬ್ಬನಿಗೆ ಇನ್ನು ಬಾಗಿಲು ತೆಗೆಯಬಾರದು."

ದೊನಾತೊ ತಟ್ಟೆ ಬಿಟ್ಟು ಎದ್ದ. "ಒಪ್ಕೊಳ್ಳಮ್ಮ. ಇವನಾದರೂ ಉಳೀಲಿ."

ವಿತೊ ತಲೆ ಎತ್ತಲಿಲ್ಲ. ಅವನಿಗೆ ಬದುಕುವ ಆಸೆಯಿತ್ತು. ಅವನು ಚಮಚದಿಂದ ಸಾರು ಕದಡುತ್ತಲೇ ಇರುವುದನ್ನು ಕೊಂಚೆತ್ತಾ ನೋಡಿದಳು, ತುಂಬ ಹೊತ್ತು ನೋಡಿದಳು. ಆಮೇಲೆ ದೊಡ್ಡ ಮಗನ ಭುಜ ಒತ್ತಿ ಕೂರಿಸಿ, ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು.

"ಬೇಡ ಸ್ವಾಮಿ," ಎಂದಳು. "ಹೋಗುವಾಗ ಬಾಗಿಲು ಎಳಕೊಳ್ಳಿ. ಸಾರು ಆರುತ್ತೆ."