ಗುಡ್ಡಕ್ಕೆ ತಂದ ಸೀಯಾಳ

"ಆ ಸೀಯಾಳ ಕೆತ್ತಿ ಕೊಡು ಬಾವ," ಎಂದ ಕುಶಾಲಪ್ಪ. ಅವನ ತುಟಿ ಒಡೆದು ರಕ್ತ ಒಣಗಿತ್ತು.

ರುಕ್ಮಯ್ಯ ಹೆಗಲ ಚೀಲವನ್ನು ಎದೆಗೆ ಒತ್ತಿಕೊಂಡ. "ಇದು ಗುಡ್ಡದ ದೈವಕ್ಕೆ. ತುದಿಯಲ್ಲಿ ಇಟ್ಟ ಮೇಲೆ ಕುಡಿಯುವ."

ಅಂಡಮಾನಿನ ಅತಿ ಎತ್ತರದ ಗುಡ್ಡ ಅದು. ೧೯೫೬ರ ಮಾರ್ಚ್. ಬೆಳ್ತಂಗಡಿ ಕಡೆಯಿಂದ ಮರ ಕಡಿಯಲು ಬಂದ ಇಬ್ಬರ ಕರಾರೂ ಮುಗಿದಿತ್ತು. ಮದರಾಸಿನ ಹಡಗು ಸೋಮವಾರ. ಊರಲ್ಲಿ ಹೇಳಿಕೊಳ್ಳಲಿಕ್ಕಾದರೂ ಒಮ್ಮೆ ಹತ್ತುವ ಎಂದು ಹೊರಡಿಸಿದವನು ಕುಶಾಲಪ್ಪನೇ. "ನಮ್ಮೂರ ಗಡಾಯಿಕಲ್ಲಿನ ಬಂಡೆ ಹತ್ತಿದವನಿಗೆ ಇದೊಂದು ಗುಡ್ಡವಾ?" ಎನ್ನುತ್ತ ನೀರನ್ನೆಲ್ಲ ಅರ್ಧ ದಾರಿಯಲ್ಲೇ ಕುಡಿದು ಮುಗಿಸಿದ್ದ. ಸಿಕ್ಕಿದ ತೊರೆಗಳಲ್ಲಿ ಬರೀ ಕಲ್ಲು.

"ಕಡಲಾಚೆ ದೈವ ಎಲ್ಲಿಂದ ಬರ್ತದೆ ಮಾರಾಯ? ಅದಕ್ಕೆ ಹಡಗಿನ ಟಿಕೆಟು ಯಾರು ತೆಗೆದದ್ದು?"

"ಗುಡ್ಡ ಇದ್ದಲ್ಲಿ ಕಾಯುವವನೂ ಉಂಟು. ಇಡುವ ಮೊದಲು ಕುಡಿದರೆ ಎಂಜಲು."

"ದೈವ ಸಾಯುವುದಿಲ್ಲ ಬಾವ. ನಾನು ಸಾಯ್ತೇನೆ."

ಮತ್ತೆ ನಾಲ್ಕು ಹೆಜ್ಜೆ ಇಟ್ಟು ಕುಶಾಲಪ್ಪ ಕುಸಿದ. ಕಣ್ಣು ಮೇಲಕ್ಕೆ ಸಿಕ್ಕಿಕೊಂಡಿತು. ರುಕ್ಮಯ್ಯ ಕೆನ್ನೆಗೆ ಹೊಡೆದ, ಹೆಸರು ಹಿಡಿದು ಕೂಗಿದ. ತುದಿ ಇನ್ನೂ ಮೋಡದೊಳಗಿತ್ತು. ಊರಲ್ಲಿ ತಂಗಿ ದಮಯಂತಿ ಈ ಗಂಡನಿಗಾಗಿಯೇ ಕಾಯುತ್ತಿದ್ದಳು. ಮದುವೆಯಾದ ವರ್ಷವೇ ಅವನನ್ನು ಹಡಗು ಹತ್ತಿಸಿದವನು ಈ ರುಕ್ಮಯ್ಯ.

ಒಂದು ಕಲ್ಲು ನಟ್ಟು ದೈವವನ್ನು ಇಲ್ಲಿಗೇ ಕರೆಯಬಹುದಿತ್ತು. ಆದರೆ ಹಾಗೆ ಕರೆದರೆ ಅದು ಅಲ್ಲೇ ನಿಲ್ಲುತ್ತದೆ. ನಟ್ಟವನ ಮನೆಯವರು ವರ್ಷ ವರ್ಷ ಅಲ್ಲಿಗೇ ಬಂದು ಸೀಯಾಳ ಇಡಬೇಕು. ಅಜ್ಜ ನಟ್ಟ ಕಲ್ಲಿಗೆ ಊರಲ್ಲಿ ಈಗಲೂ ಇಡುತ್ತಿದ್ದರು. ತಪ್ಪಿಸಿದ ಒಂದು ವರ್ಷ ದೊಡ್ಡಪ್ಪನ ಮಗನನ್ನು ಹಾವು ಕಚ್ಚಿ ಕೊಂದಿತ್ತು.

ರುಕ್ಮಯ್ಯ ಕತ್ತಿಯಿಂದ ಮಣ್ಣು ಕೆದಕಿದ. ಕೈಗೆ ಸಿಕ್ಕ ಉದ್ದ ಕಲ್ಲೊಂದನ್ನು ನಟ್ಟ. ಸೀಯಾಳ ಕೆತ್ತಿ ಮುಂದಿಟ್ಟು ಕೈಮುಗಿದ. ಒಂದು ಉಸಿರಿನಷ್ಟು ಕಾದು, ಎತ್ತಿ, ಕುಶಾಲಪ್ಪನ ಬಾಯಿಗೆ ಹನಿಹನಿಯಾಗಿ ಬಿಟ್ಟ.

ಕೊನೆಗೆ ಕುಶಾಲಪ್ಪ ಕಣ್ಣು ಬಿಟ್ಟು ಎದ್ದು ಕುಳಿತ. ಸೀಯಾಳ ಕಿತ್ತುಕೊಂಡು ಉಳಿದದ್ದನ್ನು ಗಟಗಟ ಕುಡಿದ. ಆಮೇಲೆ ಕಲ್ಲನ್ನು ಕಂಡ.

"ಸೋಮವಾರ ಹಡಗು ಬಾವ. ಇಲ್ಲಿಗೆ ಇನ್ನು ಯಾರು ಬಂದು ಇಡುವುದು?"

ರುಕ್ಮಯ್ಯ ಕಲ್ಲಿನ ಬುಡಕ್ಕೆ ಮಣ್ಣು ಒತ್ತಿದ.

"ಕಿತ್ತು ಬಿಸಾಡುವ. ಯಾರು ನೋಡಿದ್ದಾರೆ?"

"ಹಾಗಾದರೆ ನೀನೇ ಕೀಳು."

ಕುಶಾಲಪ್ಪ ನಕ್ಕು, ಬಗ್ಗಿ, ಕೈ ಚಾಚಿದ. ಕೈ ಕಲ್ಲಿಗಿಂತ ಒಂದು ಗೇಣು ಮೇಲೆ ನಿಂತಿತು. ನಿಂತೇ ಇತ್ತು. ಅವನ ಗಲ್ಲದಿಂದ ಸೀಯಾಳದ ನೀರು ಕಲ್ಲಿನ ಮೇಲೆ ತೊಟ್ಟಿಕ್ಕುತ್ತಿತ್ತು.