ನಿಂತ ಗಾಡಿಗೆ ಜಾಗ

ಪೀಣ್ಯದ ಕಾರ್ಖಾನೆಯೊಂದರ ಗೇಟಿನೆದುರು ತನ್ನ ಎಂದಿನ ಜಾಗಕ್ಕೆ ಕಾರನ್ನು ಹಿಮ್ಮುಖವಾಗಿ ಸರಿಸುತ್ತಿದ್ದ ಹೊಳೆವ್ವನಿಗೆ ಬೆನ್ನ ಹಿಂದಿನಿಂದ 'ಟಣ್' ಎಂಬ ಸದ್ದು ಕೇಳಿಸಿತು. ಎಂಜಿನ್ನು ಗುಡುಗಿತು, ಗೇರು ಬಿತ್ತು. ಹಳೆಯ ಅಂಬಾಸಿಡರು ಮಾತ್ರ ಕೆಸರಿನಲ್ಲಿ ಮಲಗಿದ ಎಮ್ಮೆಯ ಹಾಗೆ ಕದಲಲಿಲ್ಲ. ಡಿಕ್ಕಿಯ ತುಂಬ ಊಟದ ಹೊತ್ತಿಗೆ ಮಾರಬೇಕಾದ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ.

ಕರೆ ಹೋದೊಡನೆ ಬಂದ ಮೆಕ್ಯಾನಿಕ್ ಮುನಿರಾಜು ಕಾರಿನಡಿ ತೂರಿ, ಹೊರಬಂದು ಕೈಯೊರೆಸಿಕೊಂಡ. "ಹಿಂದಿನ ಆಕ್ಸಲ್ ಕಟ್ ಆಗಿದೆ ಕಣಕ್ಕ. ಹೊಂಡ ನೋಡಲ್ಲ, ಲೋಡು ನೋಡಲ್ಲ ನೀವು. ಎಳ್ಕೊಂಡು ಹೋಗೋಣ ಗ್ಯಾರೇಜಿಗೆ."

"ಕಾರು ಇಲ್ಲಿಂದ ಕದಲೂದಿಲ್ಲಪಾ. ಇಲ್ಲೇ ಹಾಕು."

"ಬೀದೀಲಾ? ಇದೇನು ಪಂಚರ್ ಅಂದ್ಕೊಂಡ್ರಾ?"

ಹೊಳೆವ್ವನ ಹಟಕ್ಕೆ ಕಾರಣವಿತ್ತು. ಗೇಟಿಗೆ ನೇರವಾಗಿ, ಹೊಂಗೆಯ ನೆರಳಿನಲ್ಲಿದ್ದ ಆ ಜಾಗಕ್ಕೆ ಬೀದಿಯ ವ್ಯಾಪಾರಿಗಳು ತಾವೇ ಮಾಡಿಕೊಂಡ ಕಟ್ಟಳೆಯೊಂದಿತ್ತು: ಜಾಗ ಯಾರ ಅಪ್ಪನದೂ ಅಲ್ಲ, ನಿಂತ ಗಾಡಿಯದು. ಊಟದ ಸೈರನ್ನು ಕೂಗಿ, ಮತ್ತೆ ಕೆಲಸಕ್ಕೆ ಕರೆಯುವ ತನಕ ಗಾಡಿ ಅಲ್ಲಿರಬೇಕು. ನಡುವೆ ಜಾಗ ಬರಿದಾದರೆ, ಬಂದು ನಿಂತ ಗಾಡಿಗೆ ಅದು ಕಾಯಂ. ಕಬ್ಬಿನ ಹಾಲಿನವನೊಬ್ಬನ ಜಾಗವನ್ನು ಹೊಳೆವ್ವ ಗಳಿಸಿಕೊಂಡದ್ದೂ ಇದೇ ಕಟ್ಟಳೆಯಿಂದ. ಈಗ ಅದನ್ನು ದೂರುವ ಬಾಯಿ ಅವಳಿಗಿರಲಿಲ್ಲ. ರಸ್ತೆಯಾಚೆ ಬಿಸಿಲಿನಲ್ಲಿ ಎಗ್‌ರೈಸಿನ ಟೆಂಪೊ ನಿಲ್ಲಿಸಿಕೊಂಡಿದ್ದ ಯಂಕಪ್ಪ ಆಗಲೇ ಎದ್ದು ಬಂದಿದ್ದ.

"ಹೊಳೆವ್ವಕ್ಕಾ, ಎಳಕೊಂಡು ಹೋಗಾಕ ಹಗ್ಗ ಬೇಕೇನು? ನನ್ನ ಟೆಂಪೊದಾಗ ಐತಿ."

"ಹಗ್ಗ ಇಟಗೋಪಾ. ನಿನ್ನ ಟೆಂಪೋನೂ ಹರೇದ್ದಲ್ಲ."

ಕಾರಿನ ಹಿಂಭಾಗ ಕಲ್ಲುಗಳ ಮೇಲೇರಿತು. ಗುಜರಿಯಿಂದ ಬೇರೊಂದು ಆಕ್ಸಲ್ ಸ್ಕೂಟರಿನ ಮೇಲೆ ಬಂತು. ಮುರಿದದ್ದರ ಅರ್ಧ ಮಾತ್ರ ಕೈಗೆ ಸಿಕ್ಕಿ, ಉಳಿದ ತುಂಡು ಕೊಳವೆಯ ಆಳದಲ್ಲಿ ಕಚ್ಚಿಕೊಂಡಿತ್ತು. ಮುನಿರಾಜು ತಂತಿಯ ಕುಣಿಕೆ ಮಾಡಿ ಬಿಟ್ಟ, ಜಾರಿತು. ಮತ್ತೆ ಬಿಟ್ಟ, ಮತ್ತೆ ಜಾರಿತು. "ಆಗಲ್ಲ ಕಣಕ್ಕ" ಎಂದ.

"ಬಾವ್ಯಾಗ ಬಿದ್ದ ಕೊಡಾ ಒಂದ ಸಲಕ್ಕ ಪಾತಾಳಗರಡಿಗೆ ಸಿಗತೈತೇನು? ಬಿಡು ಮತ್ತ." ಹೊಳೆವ್ವ ಸೆರಗು ಸಿಕ್ಕಿಸಿ, ಅವನ ಪಕ್ಕದಲ್ಲಿ ಟಾರ್ಚು ಹಿಡಿದು ಕುಕ್ಕುರುಗಾಲಲ್ಲಿ ಕುಳಿತಳು.

ಸೈರನ್ನು ಕೂಗಿದಾಗ ತುಂಡು ಹೊರಬಂದಿತ್ತು, ಗುಜರಿಯದು ಅರ್ಧ ಒಳಗಿತ್ತು. ರಾಯಚೂರು, ಕೊಪ್ಪಳದ ಕಡೆಯ ಕಾರ್ಮಿಕರು ಡಿಕ್ಕಿಯ ಸುತ್ತ ನೆರೆದು, ಎಂದಿನಂತೆ ನಿಂತುಕೊಂಡೇ ಉಣ್ಣತೊಡಗಿದರು. "ಯಕ್ಕಾ, ಕಾರಿನ ಕಾಲು ಮುರದ್ರೂ ಹಿಂಡಿ ಖಾರ ಕಡಿಮಿ ಆಗಿಲ್ಲ ನೋಡ!" ಎಂದನೊಬ್ಬ. ಕೆಳಗಿನಿಂದ ಮುನಿರಾಜು, "ಕಾಲು ತುಳೀಬೇಡ್ರೋ!" ಎಂದು ಕೂಗಿದ.

ಕಡೆಗೂ ಚಕ್ರ ನೆಲ ಮುಟ್ಟಿತು. ಮುನಿರಾಜು ಹೇಳಿದ: "ಒಂದು ರೌಂಡ್ ಓಡಿಸಿ, ಬಿಸಿ ಆದ್ಮೇಲೆ ನಡುವಿನ ನಟ್ಟು ಮತ್ತೆ ಟೈಟ್ ಮಾಡ್ಬೇಕು. ಇಲ್ಲಾಂದ್ರೆ ಮನೆಗೆ ಹೋಗ್ತಾ ಫ್ಲೈಓವರ್ ಮೇಲೆ ಚಕ್ರ ನಿಮಗಿಂತ ಮುಂದೆ ಹೋಗುತ್ತೆ."

"ಊಟ ಮುಗೀಲಿ."

"ಜಾಲಹಳ್ಳಿ ಕ್ರಾಸಲ್ಲಿ ಆಂಬುಲೆನ್ಸ್ ಕೆಟ್ಟು ನಿಂತಿದೆ ಕಣಕ್ಕ, ಫೋನ್ ಮೇಲೆ ಫೋನು. ಈಗ್ಲೇ ಆಗ್ಬೇಕು."

ರಸ್ತೆಯಾಚೆ ಟೆಂಪೊದ ಎಂಜಿನ್ನು ಚಾಲೂ ಆಯಿತು.

ಹೊಳೆವ್ವ ಬುಟ್ಟಿಗಳನ್ನು ಒಂದೊಂದಾಗಿ ಇಳಿಸಿ, ಕೀಲಿಯನ್ನು ಮುನಿರಾಜುವಿನ ಕೈಗೆ ಹಾಕಿದಳು. ಕಾರು ಹೊರಟಿತು. ಟೆಂಪೊ ಮೂಗು ತಿರುಗಿಸಿತು. ಅಷ್ಟರಲ್ಲಿ ಅವಳ ದನಿ ಬೀದಿಯುದ್ದಕ್ಕೂ ಕೇಳಿಸಿತು:

"ಏ ತಮ್ಮಗೋಳ್ರಾ, ದಿನಾ ನಿಂತು ಉಣ್ಣೂದು ಯಾವ ಸಂಪತ್ತಿಗೆ? ನೆರಳೈತಿ, ಕುಂದರ್ರಿ! ಸಾಲಾಗಿ ಕುಂದರ್ರಿ, ಇವತ್ತು ನಾ ಬಡಸ್ತೀನಿ."

ಎರಡು ಸಾಲು ಪಂಕ್ತಿ ಕುಳಿತಿತು, ಕಾರು ನಿಂತಿದ್ದ ಎಣ್ಣೆಕಲೆಯ ನೆಲದ ಮೇಲೆಯೇ. ಟೆಂಪೊ ಮೊದಲ ತಟ್ಟೆಯ ಹತ್ತಿರ ಬಂದು ಬ್ರೇಕು ಹಾಕಿತು. ಉಣ್ಣುತ್ತಿದ್ದವರನ್ನು ಎಬ್ಬಿಸುವ ಧೈರ್ಯ ಯಂಕಪ್ಪನಿಗೆ ಬರಲಿಲ್ಲ. "ಇದು ಕಟ್ಟಳಿ ಅಲ್ಲಕ್ಕಾ" ಎಂದು ಗೊಣಗಿದ. ಹೊಳೆವ್ವ ಅವನಿಗೂ ಒಂದು ರೊಟ್ಟಿ ಚಾಚಿದಳು.

ಸುತ್ತು ಮುಗಿಸಿ ಬಂದ ಮುನಿರಾಜು ಟೆಂಪೊದ ಹಿಂದೆಯೇ ಕಾರು ನಿಲ್ಲಿಸಿ, ಅಲ್ಲೇ ನಟ್ಟು ಬಿಗಿದು ಎದ್ದ. "ಬೆಣ್ಣೆ ಥರ ಓಡ್ತಿದೆ ಅಕ್ಕಾ! ಇವ್ರನ್ನ ಎಬ್ಬಿಸಿ, ಜಾಗಕ್ಕೆ ಹಾಕ್ಬಿಟ್ಟು ಹೋಗ್ತೀನಿ."

ಮೊಸರಿನ ಸೌಟು ಹಿಡಿದ ಹೊಳೆವ್ವ ತಲೆಯೆತ್ತಲಿಲ್ಲ. "ಉಣ್ಣಾಕತ್ತಾರ, ಕಾಣವಲ್ದೇನು? ಕಾರೂ ನಿಂದ್ರಲಿ, ಯಂಕಪ್ಪನ ಹಿಂದ."