ಮೋರೀನ್ ಮನೆಯ ಬೆರ್ಚಪ್ಪ

ಮನೆ ಮುಂದಿನ ಬೆಂಚಿನ ಮೇಲೆ ಕೂತಲ್ಲೇ ನಿದ್ದೆ ಹೊಡೆಯುತ್ತಿದ್ದ ಡೆರೆಕ್‌ನ ಕೋಟಿಗೆ ಯಾರೋ ಮೊದಲ ಬಹುಮಾನದ ಕೆಂಪು ರಿಬ್ಬನ್ ಚುಚ್ಚಿ ಹೋಗಿದ್ದರು. ಹಿತ್ತಲಿನ ಶೆಡ್ಡಿನಿಂದ ಹುಲ್ಲಿನ ಬೆರ್ಚಪ್ಪನನ್ನು ಕಂಕುಳಲ್ಲಿ ಅವುಚಿಕೊಂಡು ಓಡಿಬಂದ ಅವನ ಹೆಂಡತಿ ಮೋರೀನ್, ಅದನ್ನು ನೋಡಿ ಇದ್ದಲ್ಲೇ ನಿಂತುಬಿಟ್ಟಳು.

ಥಾರ್ನ್‌ಬಿ ಎಂಬ ಆ ಹಳ್ಳಿಯಲ್ಲಿ ಬೆರ್ಚಪ್ಪನ ವಾರ ಬಂತೆಂದರೆ ಪ್ರತಿ ಮನೆಯ ಮುಂದೂ ಒಂದೊಂದು ಹುಲ್ಲಿನ ಬೊಂಬೆ ಕೂರಲೇಬೇಕು. ಎಲ್ಲಕ್ಕಿಂತ ಚೆಂದದ್ದಕ್ಕೆ ಪ್ರತಿ ವರ್ಷ ಒಂದು ಕಪ್. ಮೋರೀನ್‌ಗೆ ಆರು ವರ್ಷದಿಂದ ಎರಡನೇ ಬಹುಮಾನ. ಕಪ್ ಆರೂ ಸಲ ಎದುರು ಮನೆಯ ಪೌಲೀನ್ ಪಾಲು. ಆಯಮ್ಮ ಆರನ್ನೂ ಬೀದಿಗೆ ಕಾಣುವ ಹಾಗೆ ಕಿಟಕಿಯಲ್ಲೇ ಇಟ್ಟುಕೊಂಡಿದ್ದಳು. ಸುಳ್ಳೇಕೆ ಹೇಳಬೇಕು, ಅವನ್ನು ದಿನಾ ನೋಡಿ ನೋಡಿ ಮೋರೀನ್‌ಗೆ ಹೊಟ್ಟೆ ಉರಿಯುತ್ತಿತ್ತು. ಈ ಸಲ ಮೂರು ವಾರ ಕೂತು, ಬ್ಯಾಂಡಿನಲ್ಲಿ ಕೊಂಬೂದುವವನೊಬ್ಬನನ್ನು ಮಾಡಿದ್ದಳು. ಹಾಳಾದ್ದು, ಇವತ್ತೇ ಬೆಳಿಗ್ಗೆ ಅವನ ಕತ್ತು ಕಳಚಿಕೊಂಡಿತು. ಅವಳು ಹೊಲಿದು ತರುವಷ್ಟರಲ್ಲಿ, ಹನ್ನೊಂದಕ್ಕೆ ಬರಬೇಕಿದ್ದ ತೀರ್ಪುಗಾರ್ತಿ ಹತ್ತೂವರೆಗೇ ಬಂದು ಹೋಗಿದ್ದರು. ಆಕೆಗೆ ಕಂಡದ್ದು, ಕೋಳಿಗೂಡು ಗುಡಿಸಿ, ಮೈತುಂಬ ಹುಲ್ಲು ಅಂಟಿಸಿಕೊಂಡು, ಹ್ಯಾಟನ್ನು ಕಣ್ಣಿನ ಮೇಲೆ ಎಳೆದುಕೊಂಡು ಒರಗಿದ್ದ ಡೆರೆಕ್.

ರಿಬ್ಬನ್ನಿನ ಜೊತೆಗೊಂದು ಕಾರ್ಡೂ ಇತ್ತು. ಮೋರೀನ್ ಓದಿದಳು: ‘ಇಪ್ಪತ್ತಕ್ಕೆ ಹದಿನೆಂಟು. ಹೊಟ್ಟೆ ಬಹಳ ಸಹಜವಾಗಿದೆ. ಒಳಗೆ ಗೊರಕೆಯ ಸದ್ದು ಅಳವಡಿಸಿದ ಜಾಣ್ಮೆ ಮೆಚ್ಚತಕ್ಕದ್ದು. ಮೂಗು ಮಾತ್ರ ಅತಿಯಾಯಿತು.’

“ಡೆರೆಕ್, ಏಳೋ! ನಿನಗೆ ಫಸ್ಟ್ ಪ್ರೈಜ್ ಬಂದಿದೆ!”

ಡೆರೆಕ್ ಹ್ಯಾಟು ಸರಿಸಿ, ಕಾರ್ಡನ್ನು ಎರಡೆರಡು ಸಲ ಓದಿದ. “ಮೂಗು ಅತಿಯಾಯ್ತಂತೆ! ಯಾರ್ ಬರೆದಿದ್ದು ಇದನ್ನ?”

“ಹಿಲರಿ ಅವರು. ಇನ್ನೇನು ಕಪ್ ತಗೊಂಡು ಫೋಟೋ ಹೊಡೆಯೋಕೆ ಬರ್ತಾರೆ. ನಿಜ ಹೇಳಿಬಿಡ್ಲಾ?”

ಹೀಗೆ ಕೇಳಿದಳೇ ಹೊರತು ಅವಳ ಕಣ್ಣೆಲ್ಲ ಎದುರು ಮನೆಯ ಕಿಟಕಿಯ ಮೇಲೇ ಇತ್ತು. ಹೆಂಡತಿಯ ಮುಖ ನೋಡಿದ ಡೆರೆಕ್‌ಗೆ ಅಯ್ಯೋ ಪಾಪ ಅನ್ನಿಸಿತು. ಹ್ಯಾಟನ್ನು ಮತ್ತೆ ಕಣ್ಣಿಗೆ ಎಳೆದುಕೊಂಡ. “ಐದು ನಿಮಿಷ ಕೂತಿರ್ತೀನಿ. ಅದಕ್ಕಿಂತ ಒಂದು ನಿಮಿಷ ಜಾಸ್ತಿ ಆದ್ರೂ ನನ್ ಕೈಲಾಗಲ್ಲ. ಮಂಡಿ ಹಿಡ್ಕೊಳ್ಳತ್ತೆ.” ಮೋರೀನ್ ಆ ಬಡಪಾಯಿ ಬ್ಯಾಂಡಿನವನನ್ನು ಬೇಲಿಯ ಹಿಂದಕ್ಕೆ ತಳ್ಳಿದಳು.

ಹಿಲರಿ ಬಂದೇಬಿಟ್ಟರು. ಒಂದು ಕೈಯಲ್ಲಿ ಕಪ್, ಕೊರಳಲ್ಲಿ ಕ್ಯಾಮೆರಾ, ಇನ್ನೊಂದು ಕೈಯಲ್ಲಿ ಕಾಗದಗಳ ಕಟ್ಟು. ಇಪ್ಪತ್ತೆರಡು ವರ್ಷದಿಂದ ಇವರದೇ ತೀರ್ಪು. ಕನ್ನಡಕ ಹಾಕಿಕೊಂಡರೆ ವಯಸ್ಸಾದವರ ಹಾಗೆ ಕಾಣುತ್ತೇನೆಂದು ಅದನ್ನು ಪರ್ಸಿನಲ್ಲೇ ಇಟ್ಟುಕೊಳ್ಳುವವರು.

“ಅದ್ಭುತ ಮೋರೀನ್, ಅದ್ಭುತ! ಕೈ ಮೇಲಿನ ನರ ಕೂಡ ಬಿಟ್ಟಿಲ್ಲವಲ್ರೀ ನೀವು! ಮನಸ್ಸಿಗೆ ಬೇಜಾರು ಮಾಡ್ಕೋಬೇಡಿ, ಒಂದೇ ಒಂದು ಮಾತು. ಮುಂದಿನ ವರ್ಷ ಆ ಮೂಗನ್ನ ಸ್ವಲ್ಪ ಚಿಕ್ಕದು ಮಾಡಿ. ಅಂಥ ಮೂಗು ಮನುಷ್ಯರಿಗೆಲ್ಲಿರತ್ತೆ?”

“ಯಾಕಮ್ಮಾ, ಈ ಮೂಗಿಗೇನಾಗಿದೆ? ನಮ್ಮಪ್ಪಂದೂ ಇದೇ ಮೂಗು!” ಬೆರ್ಚಪ್ಪ ಎದ್ದು ನಿಂತ.

ಹಿಲರಿ ಕಿಟಾರನೆ ಕಿರುಚಿ, ಕಪ್ಪನ್ನು ಎದೆಗವುಚಿಕೊಂಡು ಕಲ್ಲುಗೋಡೆಯ ಮೇಲೆ ಕುಕ್ಕರಿಸಿದರು. ಮೋರೀನ್ ಚಹಾ ತಂದುಕೊಟ್ಟಳು. ಅರ್ಧ ಲೋಟ ಒಳಗೆ ಹೋದ ಮೇಲೆ ಅವರು ಕನ್ನಡಕ ಹಾಕಿಕೊಂಡು ಡೆರೆಕ್‌ನನ್ನು ಒಮ್ಮೆ ನೋಡಿದರು, ಕಾಗದಗಳನ್ನು ತಿರುವಿದರು. ದನಿ ಗಟ್ಟಿ ಮಾಡಿಕೊಂಡು ಓದಿದರು: “‘ಬೊಂಬೆಯನ್ನು ಸ್ಪರ್ಧಿಯು ಮನೆಯಲ್ಲಿಯೇ, ಸ್ವಂತ ಕೈಯಿಂದ ಮಾಡಿರತಕ್ಕದ್ದು.’ ನಿಯಮ ನಿಯಮವೇ ಮೋರೀನ್. ಉಸಿರಾಡಬಾರದು ಅಂತ ಎಲ್ಲೂ ಬರೆದಿಲ್ಲ, ನಿಜ. ಆದರೆ ಇವರನ್ನ ನೀವು ಮಾಡಿಲ್ವಲ್ಲ!”

ಏಳನೇ ಸಲವೂ ಕಪ್ ಮೋರೀನ್ ಕೈತಪ್ಪಿತು. ಗಂಡನ ಕಡೆ ತಿರುಗಿದಳು. ಅವನು ಐದು ನಿಮಿಷಕ್ಕೇ ಹಿಡಿದುಕೊಂಡ ಮಂಡಿ ತಿಕ್ಕಿಕೊಳ್ಳುತ್ತ, ತಪ್ಪಾಯ್ತು ಕಣೇ ಎಂಬಂತೆ ನಿಂತಿದ್ದ. ಅವನ ಆ ಅವತಾರ ನೋಡಿದ್ದೇ ತಡ, ಅವಳಿಗೆ ನಗು ಉಕ್ಕಿ ಬಂತು. ತಡೆಯಲಾರದೆ ನಕ್ಕಳು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ನಾನು ಮಾಡಿಲ್ವಾ?” ಎಂದಳು. “ಈ ಸ್ವೆಟರ್ ಹೆಣೆದಿದ್ದು ಯಾರು? ಕೋಟಿಗೆ ತೇಪೆ ಹಾಕಿದ್ದು ಯಾರು? ಈ ಮೀಸೆ ತಿಂಗಳು ತಿಂಗಳು ಕತ್ತರಿಸೋದು ಯಾರು? ಹದಿನೆಂಟು ಮಾರ್ಕಿನ ಈ ಹೊಟ್ಟೆ, ಭಾನುವಾರ ಭಾನುವಾರ ಗ್ರೇವಿ ಸುರಿದು ಸುರಿದು ತುಂಬಿಸಿದ್ದು ಯಾರು? ಇವರಮ್ಮ ನನ್ ಕೈಗೆ ಕೊಟ್ಟಾಗ ಏನಿತ್ತು ಗೊತ್ತಾ ಹಿಲರಿ ಅವರೇ? ಬರೀ ಒಂದು ಕೋಲು. ಕೋಲಿನ ತುದಿಗೊಂದು ಮೂಗು. ಮಾತಾಡೋಕೂ ಬರ್ತಿರ್ಲಿಲ್ಲ ಇವನಿಗೆ. ಥ್ಯಾಂಕ್ಸ್ ಅನ್ನೋದು ಕಲಿಸೋಕೆ ಮೂರು ವರ್ಷ ಹಿಡೀತು.”

“ಥ್ಯಾಂಕ್ಸ್,” ಎಂದ ಡೆರೆಕ್.

ಹಿಲರಿ ನಗಲಿಲ್ಲ. ಅವರದು ಅವರ ಕೆಲಸ. ಖಾಲಿ ಲೋಟ ಗೋಡೆಯ ಮೇಲಿಟ್ಟು, ಬಹುಮಾನದ ಫಾರಂ ಬಿಡಿಸಿ, ಪೆನ್ನಿನ ಮುಚ್ಚಳ ತೆಗೆದರು.

“ತಯಾರಿಸಲು ತೆಗೆದುಕೊಂಡ ಸಮಯ?”

ಮೋರೀನ್ ಗಂಡನ ಕಾಲರಿಗೆ ಅಂಟಿದ್ದ ಹುಲ್ಲುಕಡ್ಡಿ ಕಿತ್ತು ಹಾಕಿದಳು.

“ನಲವತ್ತೊಂದು ವರ್ಷ ಅಂತ ಬರ್ಕೊಳ್ಳಿ. ಕೆಲಸ ಇನ್ನೂ ಬಾಕಿ ಇದೆ.”